ಗಾಜಿಗೆ ಬೈದದ್ದು

ದೊಡ್ಡ ಗಾಜನ್ನು ಇಬ್ಬರು ಹೊತ್ತು ನಡೆಯುವಾಗ ಮುಂದಿನವನಿಗೆ ಬೆನ್ನಲ್ಲಿ ಕಣ್ಣಿರುವುದಿಲ್ಲ. ಹಿಂದಿನವನ ಬಾಯಿಯೇ ಅವನಿಗೆ ದಾರಿ.

ಗಾಜಿನಂಗಡಿಯ ಭಾವ-ಬಾಮೈದ ಹನ್ನೆರಡು ವರ್ಷದಿಂದ ಹೀಗೇ ಹೊರುತ್ತಿದ್ದರು. ಭಾವ ಮುಂದೆ, ಬಾಮೈದ ಹಿಂದೆ. ಎತ್ತುವಾಗ ಬಾಮೈದ "ದೇವರ ಬಾಯಿಗೆ ಮಣ್ಣು ಹಾಕ!" ಎನ್ನುವನು, ಇಳಿಸುವಾಗ "ದೇವರ ಮನೆ ಹಾಳಾಗ!" ಬೇರೆಯವರು ಒಂದು, ಎರಡು, ಮೂರು ಎನ್ನುವ ಕಡೆ ಇವನದು ಇದು. ದಿನಕ್ಕೆ ನಲವತ್ತು ಸಲ ದೇವರು ಮಣ್ಣು ತಿಂದು, ನಲವತ್ತು ಸಲ ಮನೆ ಕಳೆದುಕೊಳ್ಳುತ್ತಿದ್ದ. ಭಾವ ಹಲ್ಲು ಕಚ್ಚಿಕೊಂಡು ಹೆಜ್ಜೆ ಹಾಕುತ್ತಿದ್ದ.

ಆ ಸೋಮವಾರ ಕೊನೆಯ ಗಾಜು ಇಳಿಸಿದ್ದೇ, ಭಾವ ಕೈಗವಸು ಕಳಚಿ ಮೇಜಿನ ಮೇಲೆ ಎಸೆದ.

"ಸಾಕಪ್ಪಾ. ನಾಳೆಯಿಂದ ಬೇರೆ ಯಾರನ್ನಾದ್ರೂ ನೋಡ್ಕೋ."

"ಯಾಕೆ ಭಾವ? ಏನು ಒಡೆದೆ ನಾನು?"

"ನಿನ್ನ ಆ ಹಾಳು ಬಾಯಿ. ಎಷ್ಟು ಸಲ ಹೇಳೋದು?"

"ಅಯ್ಯೋ, ನಾನು ಬೈಯೋದು ಗಾಜಿಗೆ! ಅಷ್ಟಕ್ಕೂ ನಿಮ್ಮ ದೇವರು ಲೋಕಾನೇ ಹೊತ್ತಿದಾನಂತೆ. ನನ್ನ ಒಂದು ಮಾತು ಹೊರೋಕಾಗಲ್ವಾ?"

"ಅವನು ಹೊರ್ತಾನೆ. ಹೊರೋಕಾಗದೇ ಇರೋನು ನಾನು."

"ಅಕ್ಕನೂ ದೇವರನ್ನ ನಂಬೋಳೇ. ಅವಳು ಕೇಳಿ ನಗ್ತಾಳಪ್ಪ."

"ನಗಲಿ. ನಂಬೋರೆಲ್ಲ ಒಂದೇ ಅಚ್ಚಿನ ಇಟ್ಟಿಗೆಗಳಾ? ಆಪರೇಷನ್ ಆಗಿ ಅವಳು ಹನ್ನೊಂದು ದಿನ ಮಲಗಿದ್ದಳಲ್ಲ, ನೀನು ಕ್ಯಾಂಟೀನಿನಲ್ಲಿ ಕೂತಿದ್ದೆ. ವಾರ್ಡಿನ ಹೊರಗೆ ಬೆಂಚಿನ ಮೇಲೆ ನನ್ನ ಜೊತೆ ಕೂತಿದ್ದು ಅವನೊಬ್ಬನೇ. ಅಂಥವನ ಬಾಯಿಗೆ ಮಣ್ಣು ಹಾಕ ಅಂತ ದಿನಾ ನನ್ನ ಬೆನ್ನ ಹಿಂದೆ..." ಭಾವ ಮಾತು ಮುಗಿಸದೆ ನೀರು ಕುಡಿಯಲು ಹೋದ.

ಬಾಮೈದನೊಡನೆ ಗಾಜು ಹೊರಲು ಅಂಗಡಿಯಲ್ಲಿ ಇನ್ಯಾರೂ ಒಪ್ಪುತ್ತಿರಲಿಲ್ಲ. ಭಾವ ಕೈಬಿಟ್ಟರೆ ಕೆಲಸ ಹೋದಂತೆಯೇ. ಅದಕ್ಕಿಂತ ಹೆಚ್ಚಾಗಿ, ಕ್ಯಾಂಟೀನಿನ ಮಾತು ಸುಳ್ಳಾಗಿರಲಿಲ್ಲ. "ನಾಳೆ ಒಂದು ದಿನ ನೋಡಿ ಭಾವ," ಎಂದ.

ಮಂಗಳವಾರ ಬಾಯಿಗೆ ಬೀಗ ಹಾಕಿಕೊಂಡೇ ಬಂದ. ಅದೇ ಎಡವಟ್ಟಾಯಿತು. ಸದ್ದಿಲ್ಲದೆ ಗಾಜು ಎತ್ತಿದ. ಭಾವ ಇನ್ನೂ ಬಗ್ಗಿಯೇ ಇದ್ದ.

"ಏನಾದ್ರೂ ಬೊಗಳೋ! ಬೆನ್ನು ಮುರೀತೀಯಾ?"

"ಏನು ಹೇಳ್ಲಿ? ಇದ್ದಿದ್ದೇ ಎರಡು ಮಾತು. ಎರಡನ್ನೂ ಕಿತ್ಕೊಂಡ್ರಿ."

ಕೊನೆಗೆ "ಎತ್ತಿ", "ಇಳಿಸಿ" ಎನ್ನುವುದೆಂದು ತೀರ್ಮಾನವಾಯಿತು. ಶಾಲೆಯ ಕವಾಯತಿನಂತಿತ್ತು. ಇಬ್ಬರಿಗೂ ನಾಚಿಕೆ.

ಮಧ್ಯಾಹ್ನ ಒಂದು ಮನೆಯ ಮೂರನೆಯ ಮಹಡಿಗೆ ಕಿಟಕಿಗಾಜು ಏರಿಸಬೇಕಿತ್ತು. ಮೆಟ್ಟಿಲ ತಿರುವಿನಲ್ಲಿ ಗೋಡೆ ಬಸುರಿಯಂತೆ ಉಬ್ಬಿ ನಿಂತಿತ್ತು. ಬಾಮೈದನ ಹೆಬ್ಬೆರಳು ಗಾಜಿಗೂ ಗೋಡೆಗೂ ನಡುವೆ ಸಿಕ್ಕಿಕೊಂಡಿತು.

"ದೇ..." ಎಂದವನು ಹಲ್ಲು ಕಚ್ಚಿ ನಿಂತ.

ಆ ಒಂದಕ್ಷರ ಮುಂದಿದ್ದ ಭಾವನಿಗೆ ಕೇಳಿಸಿತು. ನುಂಗಿದ ನರಳಾಟವೂ ಕೇಳಿಸಿತು.

"ಕೈ ಸಿಕ್ತಾ? ಬೈಕೊಳ್ಳೋದಿದ್ರೆ ಬೈಕೋ ಮಹಾರಾಯ. ಗಾಜು ಮಾತ್ರ ಬಿಡಬೇಡ."

"ಬೇಡ ಭಾವ. ಅವನೇನು ಮಾಡಿದ, ಪಾಪ? ಈ ಗೋಡೆ ಕಟ್ಟಿದ ಮೇಸ್ತ್ರಿ ಇದಾನಲ್ಲ..." ಬೆರಳು ಬಿಡಿಸಿಕೊಂಡು ಅವನು ಶುರುಮಾಡಿದ.

ಉಳಿದ ಒಂಬತ್ತು ಮೆಟ್ಟಿಲೂ ಮೇಸ್ತ್ರಿಯ ಮೇಲಿನ ಬೈಗುಳದಲ್ಲೇ ಸಾಗಿದವು. ಅವನ ಕಣ್ಣು, ಗೋಡೆಯ ನೇರ ನೋಡುವ ಅವನ ತೂಗುಗುಂಡು, ಅವನಿಗೆ ಕೆಲಸ ಕಲಿಸಿದ ಪುಣ್ಯಾತ್ಮ, ಮೆಟ್ಟಿಲಿಗೊಂದರಂತೆ. ಹೆಜ್ಜೆ ಒಂದೂ ತಪ್ಪಲಿಲ್ಲ. ಏಳನೆಯ ಮೆಟ್ಟಿಲಲ್ಲಿ ಬಾಮೈದನ ಸರಕು ಮುಗಿದು ತಡವರಿಸಿದಾಗ, ಮುಂದಿನಿಂದ ಭಾವನೇ ಒಂದು ಬೈಗುಳ ಒದಗಿಸಿದ.