ಚಿಕ್ಕಪ್ಪನ ಕಾರಿಗೊಂದು ಟೈಮಿಂಗ್ ಲೈಟ್

ಏರು ಹತ್ತುವಾಗ ಚಿಕ್ಕಪ್ಪನ ಹಳೆಯ ಕಾರು, ಡಬ್ಬಿಯಲ್ಲಿ ಕಲ್ಲು ಹಾಕಿ ಕುಲುಕಿದಂತೆ ಸದ್ದು ಮಾಡುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಅಣ್ಣನ ಮಗಳಿಗೆ ಅದು ಚೆನ್ನಾಗಿ ಕೇಳಿಸುತ್ತಿತ್ತು. ಸ್ಟೀರಿಂಗ್ ಹಿಡಿದ ಚಿಕ್ಕಪ್ಪನಿಗೆ ಮಾತ್ರ ಹಾಲು ಕುಡಿದಷ್ಟು ಸಂತೋಷ.

“ನೋಡು, ಬೆಣ್ಣೆ ಹಾಗೆ ಓಡ್ತಿದೆ. ಟೈಮಿಂಗ್ ನಾನೇ ಇಟ್ಟಿದ್ದು, ಬರೀ ಕಿವಿಯಲ್ಲಿ!”

ಜೀವಮಾನವಿಡೀ ರೇಡಿಯೋ ರಿಪೇರಿ ಮಾಡಿದವರು ಚಿಕ್ಕಪ್ಪ. ತಮ್ಮ ಕಿವಿಯ ಬಗ್ಗೆ ಅವರಿಗಿದ್ದ ಹೆಮ್ಮೆ ಅಷ್ಟಿಷ್ಟಲ್ಲ. ಅದು ಮಂದವಾಗಿದೆ ಎಂದು ಹೇಳಲು ಯಾರಿಗೆ ಬಾಯಿ ಬಂದೀತು? ಇಂಜಿನ್ನಿನಲ್ಲಿ ಕಿಡಿ ಹಾರಬೇಕಾದ ಗಳಿಗೆಗಿಂತ ಮೊದಲೇ ಹಾರಿದರೆ ಇಂಥ ಸದ್ದು ಬರುತ್ತದೆ, ಅದನ್ನು ಕಣ್ಣಿಂದಲೇ ನೋಡಿ ಸರಿಮಾಡಲು ಟೈಮಿಂಗ್ ಲೈಟ್ ಅಂತ ಒಂದು ದೀಪವಿದೆ ಎಂದು ಎಲ್ಲೋ ಓದಿದಾಗ ಅವಳಿಗೆ ದಾರಿ ಹೊಳೆಯಿತು. ಜೊತೆಗೆ ಕುತೂಹಲವೂ ಕೆರಳಿತು. ಅವಳದು ಫೋಟೋ ಸ್ಟುಡಿಯೋ. ಬೆಳಕಿನ ಆಟವೆಂದರೆ ಊಟ ನಿದ್ದೆ ಮರೆಯುವವಳು.

“ಚಿಕ್ಕಪ್ಪ, ಗಿರ್ರನೆ ತಿರುಗೋ ಚಕ್ರ ನಿಂತ ಹಾಗೆ ಕಾಣುತ್ತಂತೆ. ನಾನೊಂದ್ಸಲ ನೋಡ್ಬೇಕು.”

“ನಿನ್ನ ಹುಚ್ಚಿಗೆ ನಾನ್ಯಾಕೆ ಅಡ್ಡ ಬರ್ಲಿ? ನಡಿ.”

ಬಿಡಿಭಾಗಗಳ ಅಂಗಡಿಯಾಕೆ ಮೇಜಿನ ಮೇಲೆ ಮೂರು ದೀಪ ಇಟ್ಟಳು. ಮೊದಲನೆಯದರ ಬೆಳಕು ಕೆಂಪಗೆ, ಮಿಣುಕು ಹುಳದಷ್ಟು. “ಇದು ಕತ್ತಲೆ ಶೆಡ್ಡಿಗಷ್ಟೇ ಸರಿ” ಎಂದು ಅವಳೇ ಬದಿಗೆ ಸರಿಸಿದಳು. ಉಳಿದೆರಡು ಪಿಸ್ತೂಲಿನ ಆಕಾರದವು, ಬಿಳಿ ಬೆಳಕಿನವು. ಒಂದಕ್ಕೆ ಬೆನ್ನಲ್ಲಿ ತಿರುಗಿಸುವ ಬಿಲ್ಲೆಯೂ ಇತ್ತು. ವೇಗ ಹೆಚ್ಚಿದಾಗ ಕಿಡಿ ಎಷ್ಟು ಮುಂದಕ್ಕೆ ಸರಿಯುತ್ತದೆ ಎಂಬುದನ್ನು ಅಳೆಯಲು ಅದು.

ಅಣ್ಣನ ಮಗಳು ಎರಡನ್ನೂ ಬಾಗಿಲ ಬಿಸಿಲಿಗೆ ಒಯ್ದು ಅಂಗಡಿಯಾಕೆಯ ಕೈಲಿ ಮಿನುಗಿಸಿ ನೋಡಿದಳು. ಬಿಲ್ಲೆಯಿದ್ದದ್ದರ ಬೆಳಕು ಬಿಸಿಲಲ್ಲೂ ಗೋಡೆಯ ಮೇಲೆ ಬಿತ್ತು. ತಂತಿಯೂ ಉದ್ದ, ಫ್ಯಾನಿಗೆ ಸಿಕ್ಕದಂತೆ ದೂರದಿಂದ ತರಬಹುದು. ಪ್ಲಗ್ಗಿನ ತಂತಿಯನ್ನು ಕಚ್ಚುವ ಚಿಮಟ ಲೋಹದ್ದು, ಬಿಸಿ ಪೈಪಿಗೆ ತಗುಲಿದರೂ ಕರಗದು.

“ನಿಮ್ಮ ಕಾರಿನ ಬ್ಯಾಟರಿ ಎಷ್ಟು ವೋಲ್ಟು?” ಎಂದಳು ಅಂಗಡಿಯಾಕೆ.

ಚಿಕ್ಕಪ್ಪ ಕಪಾಟಿನತ್ತ ನೋಡುತ್ತಲೇ ಇದ್ದರು. ಅಣ್ಣನ ಮಗಳು ತೋಳು ಮುಟ್ಟಿ ಮತ್ತೆ ಕೇಳಿದಳು.

“ಆರು. ಹಳೇ ಕಾಲದ್ದಲ್ವಾ!”

“ಹಾಗಾದ್ರೆ ದೀಪಕ್ಕೆ ಬೇರೆ ಹನ್ನೆರಡರ ಬ್ಯಾಟರಿ ಕೊಡಿ. ಇಲ್ದಿದ್ರೆ ಮಿಟುಕೋದೇ ಇಲ್ಲ.”

ಬಿಲ್ಲೆಯಿದ್ದ ದೀಪ ಕೊಂಡು ಬಂದರು. ಮನೆಯ ಮುಂದೆ ಅಣ್ಣನ ಮಗಳ ಸ್ಕೂಟರಿನ ಬ್ಯಾಟರಿ ದೀಪಕ್ಕೆಂದು ಕೆಳಗಿಳಿಯಿತು. ಚಿಕ್ಕಪ್ಪ ಇಂಜಿನ್ ಮುಂದಿನ ಚಕ್ರದ ಗುರುತಿನ ಗೀರಿಗೆ ಸೀಮೆಸುಣ್ಣ ತಿಕ್ಕಿ, ಕಾರು ಚಾಲೂ ಮಾಡಿ ಬಂದರು. ಅವಳು ದೀಪದ ಗುಂಡಿ ಒತ್ತಿದಳು; ಪ್ಲಗ್ಗಿನ ಒಂದೊಂದು ಕಿಡಿಗೂ ಅದು ಮಿನುಗತೊಡಗಿತು.

ಅಬ್ಬಾ! ಮಸುಕಾಗಿ ತಿರುಗುತ್ತಿದ್ದ ಚಕ್ರ ಗಕ್ಕನೆ ನಿಂತುಬಿಟ್ಟಿತ್ತು. ಬಿಳಿ ಗೀರು, ಅದು ಎದುರಾಗಬೇಕಾದ ಇಂಜಿನ್ ಮೇಲಿನ ಮುಳ್ಳಿನ ಮೊನೆಗಿಂತ ಎಷ್ಟೋ ಆಚೆ. ಫ್ಯಾನಿನ ರೆಕ್ಕೆಗಳು ನೀರಲ್ಲಿ ತೇಲುವಂತೆ ಮೆಲ್ಲಗೆ ಸರಿಯುತ್ತಿದ್ದವು.

ಚಿಕ್ಕಪ್ಪನ ಕಣ್ಣುಗಳು ಅರಳಿದವು. “ಅರೆರೆ, ಮೊನೆಯ ಮೇಲೆ ಎಣ್ಣೆ ಇದೆಯಲ್ಲಾ” ಎನ್ನುತ್ತಾ, ಇಂಜಿನ್ ಓಡುತ್ತಿರುವುದನ್ನೇ ಮರೆತು ಕೈಯಲ್ಲಿದ್ದ ಬಟ್ಟೆಯನ್ನು ರೆಕ್ಕೆಗಳ ನಡುವೆ ಚಾಚಿದರು.

“ಚಿಕ್ಕಪ್ಪ, ಕೈ! ಕೈ ತೆಗೀರಿ!”

ಅವರು ತಿರುಗಿಯೂ ನೋಡಲಿಲ್ಲ. ಅವಳು ದೀಪ ಬಿಸಾಡಿ ಅಂಗಿಯ ಕಾಲರ್ ಹಿಡಿದು ಎಳೆದಳು. ಬಟ್ಟೆಯ ತುದಿ ಫ್ಯಾನಿಗೆ ಸಿಕ್ಕಿ ಚೂರಾಗಿ ಹಾರಿತು. ಇಬ್ಬರೂ ಅಂಗಳದಲ್ಲಿ ಪಕ್ಕಪಕ್ಕ ಬಿದ್ದರು.

ಅವಳೇ ಎದ್ದು ಇಂಜಿನ್ ಆರಿಸಿದಳು. ಚಿಕ್ಕಪ್ಪ ತಮ್ಮ ಬೆರಳುಗಳನ್ನು ಮಡಚಿ, ಬಿಚ್ಚಿ ನೋಡಿಕೊಂಡರು.

“ನೀನು ಕೂಗಿದ್ಯಾ?”

“ಗಂಟಲು ಹರಿಯೋ ಹಾಗೆ.”

ಚಿಕ್ಕಪ್ಪ ಹರಿದ ಬಟ್ಟೆಯ ಚೂರನ್ನು ಹೆಕ್ಕಿಕೊಂಡರು. “ಏರಲ್ಲಿ ಸದ್ದು ಬರ್ತಿದೆ, ಅಲ್ವಾ?” ಎಂದರು ಕೊನೆಗೆ. “ನಿನ್ನ ಮುಖ ನೋಡಿದ್ರೆ ಗೊತ್ತಾಗ್ತಿತ್ತು. ಕೇಳೋಕೆ ಧೈರ್ಯ ಬರ್ಲಿಲ್ಲ.”

“ನನಗೂ ಹೇಳೋಕೆ ಬಾಯಿ ಬರ್ಲಿಲ್ಲ, ಚಿಕ್ಕಪ್ಪ.”

ದೀಪದ ಮೂತಿ ಕೊಂಚ ಸೀಳಿತ್ತು, ಆದರೆ ಉರಿಯಿತು. ಈ ಸಲ ಅವಳು ದೂರದಿಂದ ದೀಪ ಹಿಡಿದಳು. ಅವರು ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ತಿರುಗಿಸುತ್ತಾ ಗೀರನ್ನು ಮೊನೆಗೆ ತಂದರು. ತಿರುಪು ಬಿಗಿಮಾಡಿ, ದೀಪ ತಾವೇ ಕಸಿದುಕೊಂಡು, ಮಕ್ಕಳಂತೆ ಇನ್ನಷ್ಟು ಹೊತ್ತು ನೋಡಿದರು.

ಮತ್ತೆ ಅದೇ ಏರು.

“ಈಗ?”

“ಏನೂ ಇಲ್ಲ. ಇಂಜಿನ್ ಸದ್ದಷ್ಟೇ.”

“ಬೇರೆ ಏನೇನು ಕೇಳಿಸ್ತಿದೆ? ಹೇಳು, ಒಂದೂ ಬಿಡಬೇಡ.”

ಅವಳು ಕಣ್ಣು ಮುಚ್ಚಿ ಕಿವಿಗೊಟ್ಟಳು. ಎಡಬಾಗಿಲು ಕಿರುಗುಡುತ್ತಿದೆ ಎಂದಳು. ಹಿಂದಿನ ಸೀಟಿನಡಿ ಬಾಟಲಿಯೊಂದು ಉರುಳುತ್ತಿದೆ. ಯಾರೋ ಸೈಕಲ್ ಗಂಟೆ ಹೊಡೆಯುತ್ತಿದ್ದಾರೆ. ಚಿಕ್ಕಪ್ಪ ಒಂದೊಂದಕ್ಕೂ ತಲೆಯಾಡಿಸುತ್ತಾ ಕಾರನ್ನು ಕಿವಿ ಡಾಕ್ಟರ ಬೀದಿಯತ್ತ ತಿರುಗಿಸಿದರು.