ರಂಜಾನ್ ಚಂದ್ರ ಮತ್ತು ಬಲಗಣ್ಣು

ಮಧುಗಿರಿಯಲ್ಲಿ ಅಫ್ಜಲುನ್ನೀಸಾ ಅವರ ಮನೆಗೆ ಪಡುವಣ ದಿಕ್ಕೆಂದರೆ ಬೆಟ್ಟವೇ. ಮಾಳಿಗೆ ಹತ್ತಿದರೂ ಎಳೆಚಂದ್ರ ಬಂಡೆಯ ಹಿಂದೆ ಮುಳುಗಿಹೋಗುತ್ತದೆ. ಅದಕ್ಕೇ ರಂಜಾನ್ ತಿಂಗಳ ಚಂದ್ರನನ್ನು ತೋರಿಸಲು ಮೊಮ್ಮಗಳು ಸುಮಯ್ಯ ಅಜ್ಜಿಯನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಶಿರಾ ರಸ್ತೆಯ ಬಸವಮ್ಮನ ಹೊಲಕ್ಕೆ ಹೊರಟಳು. ಅಲ್ಲಿ ಗುಡ್ಡಗಳ ಸಾಲು ತಗ್ಗಿ, ಆಕಾಶ ಕೆಳಗಿನವರೆಗೂ ಕಾಣುತ್ತದೆ.

ಅಜ್ಜಿಯ ಬಲಗಣ್ಣಿನ ಪೊರೆ ತೆಗೆಸಿ ತಿಂಗಳಾಗಿತ್ತು. ಎಡಗಣ್ಣಿಗೂ ಬೇಗ ಆಪರೇಷನ್ ಆಗಬೇಕು ಎಂದು ಡಾಕ್ಟರು ಹೇಳಿದ್ದರು. ಅಜ್ಜಿ ಮಾತ್ರ ಜಪ್ಪಯ್ಯ ಅಂದರೂ ಒಪ್ಪಿರಲಿಲ್ಲ.

"ಈ ಕಣ್ಣಿಗೆ ಚಾಂದ್ ಕಾಣ್ಲಿ, ಆ ಕಣ್ಣೂ ಕೊಡ್ತೀನಿ. ಕಾಣ್ಲಿಲ್ವಾ, ಯಾರೂ ನನ್ನ ತಂಟೆಗೆ ಬರಬ್ಯಾಡಿ" ಎಂದುಬಿಟ್ಟಿದ್ದರು.

ಹೊತ್ತು ಮುಳುಗುವಷ್ಟರಲ್ಲಿ ಹೊಲ ತಲುಪಿದರು. ಅಜ್ಜಿಯ ಹಳೆಯ ಗೆಳತಿ ಬಸವಮ್ಮ ಹುಲ್ಲಿನ ಹೊರೆ ಕೆಳಗಿಟ್ಟು ನಕ್ಕಳು.

"ಬಂದ್ಯೇನೇ ಅಫ್ಜಲಮ್ಮ? ನಿಮ್ ಚಂದ್ರನ್ನ ನಮ್ ಹೊಲ್ದಾಗೇ ಕಟ್ಟಾಕಿವ್ನಿ."

"ಮೇವು ಹಾಕಿದ್ಯೋ, ಉಪವಾಸ ಕೆಡವಿದ್ಯೋ?"

ಮೂವರೂ ಪಡುವಣಕ್ಕೆ ಮುಖಮಾಡಿ ನಿಂತರು. ಕೆಂಪು ಮಾಸುತ್ತಿದ್ದಂತೆ ಅಜ್ಜಿ ತಟ್ಟನೆ ಕೈಚಾಚಿದರು. "ಅಗೋ! ಕಂಡ್ತು!"

ಸುಮಯ್ಯ ಬೆರಳಿನ ಗುಂಟ ನೋಡಿದಳು. ಅದು ಶುಕ್ರ. ಆ ದಿನಗಳಲ್ಲಿ ಸಂಜೆಯಾದರೆ ಅದರ ಹೊಳಪೇ ಹೊಳಪು.

"ಹೂಂ ಅಂದ್ಬುಡೇ" ಎಂದು ಬಸವಮ್ಮ ಅವಳ ಕಿವಿಯಲ್ಲಿ ಪಿಸುಗುಟ್ಟಿದಳು. "ಅಂಗಾದ್ರೂ ಇನ್ನೊಂದು ಕಣ್ಣು ಮಾಡಿಸ್ಕಂತಾಳೆ."

ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಅಷ್ಟರಲ್ಲಿ ಅಜ್ಜಿ ದುವಾ ಮಾಡಲು ಎರಡೂ ಕೈ ಎತ್ತಿದ್ದರು. ಆ ಕೈಗಳನ್ನು ನೋಡುತ್ತ ಸುಳ್ಳು ಹೇಳಲು ಸುಮಯ್ಯಳಿಗೆ ಬಾಯಿ ಬರಲಿಲ್ಲ.

"ದಾದಿ, ಅದು ಚಾಂದ್ ಅಲ್ಲ. ಶುಕ್ರ."

ಕೈಗಳು ಮೆಲ್ಲಗೆ ಕೆಳಗಿಳಿದವು. "ನಡಿ, ಮನೆಗೆ ಹೋಗಾಣ" ಎಂದರು ಅಜ್ಜಿ.

"ಇನ್ನೊಂದ್ಸಲ ನೋಡಿ ದಾದಿ. ಅದರ ಕೆಳಗೆ, ಸ್ವಲ್ಪ ಎಡಕ್ಕೆ."

"ನೋಡಿದ್ದಾಯ್ತಲ್ಲ."

"ಅಷ್ಟು ದೂರ ಬಂದು ಮುನಿಸ್ಕಂಡು ಹೋಗ್ತೀಯಾ? ನೋಡೇ" ಎಂದು ಬಸವಮ್ಮ ಗೆಳತಿಯ ಭುಜ ಹಿಡಿದು ತಿರುಗಿಸಿದಳು.

"ಲೇ ಬಸವಿ, ಅಲ್ಲಾಡಿಸ್ಬ್ಯಾಡ, ಸುಮ್ನಿರು" ಎಂದ ಅಜ್ಜಿ ಉಸಿರು ಬಿಗಿಹಿಡಿದರು. ಸ್ವಲ್ಪ ಹೊತ್ತಿನ ಮೇಲೆ ದನಿ ಸಣ್ಣಗಾಯಿತು. "ಐತೆ ಕಣೇ... ಅಂಗಾತ ಮಲಗೈತೆ. ಒಡೆದ ಬಳೆ ಚೂರಿದ್ದಂಗೆ."

ಚಂದ್ರ ಹೇಗೆ ಮಲಗಿದ್ದಾನೆಂದು ಸುಮಯ್ಯ ಹೇಳಿರಲಿಲ್ಲ.

ಅಜ್ಜಿ ದುವಾ ಮುಗಿಸಿ, ಅಂಗೈಗಳಿಂದ ಮುಖ ಸವರಿಕೊಂಡು, ಕಣ್ಣು ಮುಚ್ಚಿಯೇ ಮೊಮ್ಮಗಳತ್ತ ತಿರುಗಿದರು. ಹೊಸ ಚಂದ್ರನನ್ನು ಕಂಡ ಕಣ್ಣು ಮೊದಲು ಬೇಕಾದವರ ಮುಖ ನೋಡಬೇಕೆಂಬುದು ಅವರ ಮನೆಯ ರೂಢಿ. ಸುಮಯ್ಯಳ ಕೆನ್ನೆಗಳನ್ನು ಹಿಡಿದು, ಹತ್ತಿರಕ್ಕೆಳೆದು, ಆಮೇಲೆ ಕಣ್ಣು ಬಿಟ್ಟರು.

"ಅಯ್ಯೋ ಬೇಟಿ, ಇಷ್ಟೊಂದು ಮೊಡವೆ ಯಾವಾಗ ಎದ್ದವೇ?"

"ಕಾಲೇಜಿಗೆ ಸೇರಿದಾಗಿಂದ ಇವೆ ದಾದಿ."

"ಡಾಕ್ಟರಿಗೆ ಫೋನ್ ಮಾಡು. ಆ ಕಣ್ಣಿನ ಪೊರೆನೂ ತೆಗೆಸ್ಬುಡಾಣ. ಇನ್ನೂ ಏನೇನು ಮುಚ್ಚಿಟ್ಟಿದ್ದೀರೋ ನೋಡ್ಬೇಕು."