ನಲವತ್ತೊಂದು ಕಡೆ ಎನೋರಾ

ಬ್ರೆಸ್ಟ್ ಊರಿನ ಪ್ರೌಢಶಾಲೆ ಎನೋರಾಳಿಗೆ ಗಣಿತ ಶಿಕ್ಷಕಿಯ ಕೆಲಸ ಕೊಟ್ಟು, ಶುಕ್ರವಾರದೊಳಗೆ ಒಪ್ಪಿಗೆ ತಿಳಿಸಲು ಹೇಳಿತ್ತು. ಯಂತ್ರದ ಮುಖ ನೋಡಿ ನೋಡಿ ಅವಳಿಗೆ ಸಾಕಾಗಿತ್ತು. ಇನ್ನಾದರೂ ಮನುಷ್ಯರ ಮುಖ ನೋಡಿ ಪಾಠ ಹೇಳುವ ಆಸೆ. ಅವಳು ಕೆಲಸ ಮಾಡುತ್ತಿದ್ದ ಬೋರ್ದೋದ ಪ್ರಯೋಗಾಲಯ ಮಾತ್ರ ಒಂದೇ ಪಟ್ಟು ಹಿಡಿದಿತ್ತು: ನಿನ್ನ ತಂತ್ರಾಂಶವನ್ನು ಯಾರಾದರೂ ವಹಿಸಿಕೊಂಡರೆ ಹೋಗು. ಲೋಕವೆಲ್ಲ ಪುಕ್ಕಟೆ ಬಳಸುವ, ಬೇಕಾದವರು ತಿದ್ದಬಹುದಾದ ಗಣಿತ ತಂತ್ರಾಂಶ ಅದು. ಆದರೆ ಅದರ ಮೆಮೊರಿಯಲ್ಲಿ ಬಳಸಿ ಬಿಟ್ಟ ಸಂಖ್ಯೆಗಳನ್ನು ಯಾವಾಗ ಗುಡಿಸಬೇಕೆಂದು ಬಲ್ಲವಳು ಹದಿನೆಂಟು ವರ್ಷದಿಂದ ಇವಳೊಬ್ಬಳೇ.

ವಹಿಸಿಕೊಳ್ಳಲು ಒಪ್ಪಿದ್ದ ಸಹೋದ್ಯೋಗಿ ಗಿಲ್ದಾ, ಅವಳು ಬರೆದಿಟ್ಟ ಕೈಪಿಡಿ ಓದಿ, ಗುರುವಾರ ಕಾಫಿ ಹೊತ್ತಿಗೆ ನಗುತ್ತ ಬಂದ.

"ಮಾರಾಯ್ತಿ, ಇದು ಕೈಪಿಡಿಯೋ ನಿನ್ನ ಫೋನ್ ನಂಬರೋ? 'ಮುಟ್ಟುವ ಮೊದಲು ಎನೋರಾಳನ್ನು ಕೇಳಿ' ಅಂತ ನಲವತ್ತೊಂದು ಕಡೆ ಬರ್ದಿದೀಯ. ಅದನ್ನೆಲ್ಲ ತೆಗೆದು ಕಾರಣ ಬರಿ, ನಾಳೆನೇ ವಹಿಸ್ಕೊಂಡು ಸಹಿ ಹಾಕ್ತೀನಿ."

ಅಂದಿನ ಸೋಮಾರಿತನ ಇಂದು ಕುತ್ತಿಗೆಗೆ ಬಂತು. ಮೊದಲನೆಯದೇ ನೋಡಿ: ಮೆಮೊರಿ ಮುಕ್ಕಾಲು ತುಂಬುವವರೆಗೆ ಗುಡಿಸಬೇಡಿ, ವೇಗ ಕುಸಿಯುತ್ತದೆ. ಕಾರಣ ಅವಳಿಗೇ ಗೊತ್ತಿರಲಿಲ್ಲ. ಇವಳಿಗಿಂತ ಮೊದಲು ತಂತ್ರಾಂಶ ನೋಡಿಕೊಳ್ಳುತ್ತಿದ್ದ ಮುದುಕ ಹೇಳಿದ್ದ, ಇವಳು ಬರೆದಿಟ್ಟಿದ್ದಳು. ಅಪ್ಪ ನೆಟ್ಟ ಆಲದ ಮರ. ಕಾಲುಭಾಗ ತುಂಬಿದಾಗಲೇ ಗುಡಿಸುವಂತೆ ಮಾಡಿ ತಂತ್ರಾಂಶ ಓಡಿಸಿದಳು. ನಲವತ್ತು ನಿಮಿಷದ ಲೆಕ್ಕ ಒಂಬತ್ತು ನಿಮಿಷಕ್ಕೆ ಮುಗಿಯಿತು. ಮತ್ತೆ ಓಡಿಸಿದಳು. ಒಂಬತ್ತೇ.

ಹದಿನೆಂಟು ವರ್ಷ ಸಾವಿರಾರು ಜನ ಸುಮ್ಮನೆ ಕಾದಿದ್ದರು. ಇವಳ ಹೆಸರು ಕಂಡು ಒಬ್ಬರೂ ಮುಟ್ಟಿರಲಿಲ್ಲ. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು. ಆ ಸಾಲು ಅಳಿಸಿ ಏನೋ ಒಂದು ಕಾರಣ ಗೀಚಿ, ಉಳಿದವಕ್ಕೂ ಹಾಗೇ ಮಾಡಿದರೆ ನಾಳೆ ಬಿಡುಗಡೆ, ಯಾರಿಗೆ ಗೊತ್ತಾಗುತ್ತದೆ? ಎರಡು ಸಲ ಹಾಗೇ ಗೀಚಿ ಅಳಿಸಿದಳು. ಕೊನೆಗೆ ಎರಡೂ ಅಳತೆ ಬರೆದು, "ಹಳೆಯ ನಿಯಮ ತಪ್ಪು. ನಾನು ಎಂದೂ ಪರೀಕ್ಷಿಸಿರಲಿಲ್ಲ" ಎಂದು ತನ್ನ ಹೆಸರು ಹಾಕಿ ಪ್ರಕಟಿಸಿದಳು.

ಶುಕ್ರವಾರ ಬೆಳಿಗ್ಗೆ ಗಿಲ್ದಾ ನಗಲಿಲ್ಲ.

"ಒಳ್ಳೇದೇ ಮಾಡ್ದೆ. ಆದ್ರೆ ಉಳಿದ ನಲವತ್ತು?"

"ಅವೂ ಅಷ್ಟೇ. ಆ ಮುದುಕ ಹೇಳಿದ್ದನ್ನ ಬರ್ಕೊಂಡಿದ್ದು."

"ಹಾಗಾದ್ರೆ ಒಂದೊಂದನ್ನೂ ಅಳೆದು ನೋಡ್ಬೇಕು. ಒಂದೂವರೆ ವರ್ಷ ಹಿಡಿಯತ್ತೆ, ನೀನಿಲ್ದೆ ಆಗಲ್ಲ. ಅಲ್ಲೀತನಕ ನಾನು ಸಹಿ ಹಾಕಲ್ಲ. ಬೈಕೋಬೇಡ."

ಅವನ ಜಾಗದಲ್ಲಿದ್ದಿದ್ದರೆ ಅವಳೂ ಅದನ್ನೇ ಹೇಳುತ್ತಿದ್ದಳು. ಅವನು ಹೋದ ಮೇಲೆ ಬಾಗಿಲು ಹಾಕಿಕೊಂಡು ಅತ್ತಳು. ಆಮೇಲೆ ಮೂಗೊರೆಸಿಕೊಂಡು, ಬೇರೆ ಯಾರನ್ನಾದರೂ ನೋಡಿಕೊಳ್ಳಿ ಎಂದು ಬ್ರೆಸ್ಟ್ ಶಾಲೆಗೆ ಎರಡು ಸಾಲು ಬರೆದಳು.